ಹೆಸರು ಕೇಳಬೇಡಿ, ಚೀಟಿ ನೋಡಿ



ನಮ್ಮ ಕೂಟದ ಕಾರ್ಯಕಾರಿ ಸಮಿತಿಯವರು ಕಳೆದ ತಿಂಗಳು ಎಲ್ಲ ಸದಸ್ಯ ಕುಟುಂಬಗಳಿಗೂ ಒಂದು ಸುತ್ತೋಲೆ ಕಳಿಸಿದ್ದಾರೆ. ಬರುವ ರಾಜ್ಯೋತ್ಸವದಿಂದ ಮೊದಲುಗೊಂಡು ನಮ್ಮ ಎಲ್ಲ ಸಮಾರಂಭಗಳಿಗೂ ಬಾಗಿಲಲ್ಲಿ ಫೋಟೋ ಇರುವ ಗುರುತಿನ ಪತ್ರ ತೋರಿಸಬೇಕಂತೆ. ಬಾಗಿಲ ಬಳಿ ಕೂತ ಸ್ವಯಂಸೇವಕರ ಮುಂದೆ ಒಂದು ಲ್ಯಾಪ್‌ಟಾಪ್ ಇರುತ್ತದಂತೆ. ಅದರಲ್ಲಿ ಪ್ರತಿ ಮನೆಯವರ ಹೆಸರು, ವಿಳಾಸ, ಫೋನು, ಮಕ್ಕಳ ಹೆಸರು, ಹುಟ್ಟಿದ ತಾರೀಖು, ಊರಿಂದ ಬಂದಿರುವ ಅಪ್ಪ ಅಮ್ಮಂದಿರ ವಿವರ, ಎಲ್ಲ ಇರುತ್ತದಂತೆ. ಪತ್ರಕ್ಕೂ ಪಟ್ಟಿಗೂ ತಾಳೆ ಬಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಇಷ್ಟಕ್ಕೆಲ್ಲ ಕಾರಣ ಯುಗಾದಿಯ ದಿನ ಒಬ್ಬಟ್ಟು ಸಾಲದೆ ಹೋದದ್ದು. ಸದಸ್ಯರಲ್ಲದವರು ಪಂಕ್ತಿಯಲ್ಲಿ ಕೂತಿದ್ದರು ಎಂಬ ದೂರು.

ಒಬ್ಬಟ್ಟು ಸಾಲದೆ ಹೋದದ್ದು ನಿಜ. ಕೊನೆಯ ಪಂಕ್ತಿಯಲ್ಲಿ ಕೂತು ಬರೀ ಅನ್ನ ಸಾರು ಉಂಡು ಎದ್ದವರಲ್ಲಿ ನಾವೂ ಸೇರಿದ್ದೇವೆ. ಆದರೆ ಈ ರೋಗಕ್ಕೆ ಸಮಿತಿ ಬರೆದಿರುವ ಔಷಧ ಮಾತ್ರ ಪೂರಾ ತಪ್ಪು. ಅದನ್ನು ಸ್ವಲ್ಪ ಖಾರವಾಗಿಯೇ ಹೇಳುತ್ತೇವೆ. ಸಮಿತಿಯಲ್ಲಿರುವ ಮಿತ್ರರು ಬೇಸರಿಸಬಾರದು.

ಊರಿನಲ್ಲಿ ಟೂರಿಂಗ್ ಟಾಕೀಸು ನೋಡಿದ ತಲೆಮಾರಿನವರಿಗೆ ನಮ್ಮ ಮಾತು ಬೇಗ ಅರ್ಥವಾದೀತು. ಗೇಟಿನಲ್ಲಿ ನಿಂತವನು ನೀನು ಯಾರ ಮಗ, ಯಾವ ಬೀದಿ ಎಂದು ಕೇಳುತ್ತಿರಲಿಲ್ಲ. ಟಿಕೆಟ್ಟು ಇಸಕೊಂಡು, ಹರಿದು, ಅರ್ಧ ನಮ್ಮ ಕೈಗಿಟ್ಟು ಒಳಗೆ ಬಿಡುತ್ತಿದ್ದ. ಯಾವ ಆಟ, ನೆಲವೋ ಬೆಂಚೋ ಕುರ್ಚಿಯೋ ಎಂಬುದೆಲ್ಲ ಆ ಚೂರು ಕಾಗದದಲ್ಲೇ ಇತ್ತು. ಅವನ ಹತ್ತಿರ ಊರವರ ಪಟ್ಟಿ ಇರಲಿಲ್ಲ, ಆದ್ದರಿಂದ ಆ ಪಟ್ಟಿ ಕಳೆದುಹೋಗುವ ಪ್ರಶ್ನೆಯೂ ಇರಲಿಲ್ಲ. ಟಿಕೆಟ್ಟು ಎಷ್ಟು ಮಾರಿದರೋ ಅಷ್ಟೇ ಜನ ಒಳಗೆ. ಯುಗಾದಿಯ ದಿನ ನಮ್ಮ ಕೂಟ ಊಟದ ಕೂಪನ್ನೇ ಹಂಚಲಿಲ್ಲ. ಎಷ್ಟು ಜನ ಉಣ್ಣುತ್ತಾರೆಂದು ಲೆಕ್ಕವಿಡದೆ ಅಡಿಗೆ ಮಾಡಿಸಿ, ಆಮೇಲೆ ಉಣ್ಣುವವರು ಯಾರು ಎಂದು ತನಿಖೆಗೆ ಹೊರಟರೆ ಒಬ್ಬಟ್ಟು ಹೇಗೆ ಹೆಚ್ಚೀತು?

ವೈದ್ಯರಿಗೆ ಕಂಪ್ಯೂಟರ್ ಕಾವಲಿನ ಉಸಾಬರಿ ಏಕೆ ಎಂದು ಸಮಿತಿಯ ಒಬ್ಬ ಹಿರಿಯರು ಫೋನಿನಲ್ಲಿ ಕೇಳಿದರು. ನಮ್ಮ ಕೂಟದಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು, ನಾವು ಎಂಬಿಬಿಎಸ್ ಮುಗಿಸಿ ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡಿದವರು, ಒಪ್ಪಿದೆವು. ಆದರೆ ಚೀಟಿ ಎಂದರೇನು ಎಂಬುದು ವೈದ್ಯರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ ಸ್ವಾಮಿ. ದಿನಕ್ಕೆ ಮೂವತ್ತು ಬರೆಯುತ್ತೇವೆ. ಔಷಧದ ಚೀಟಿಯಲ್ಲಿ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ಮಾತ್ರೆ, ಎಷ್ಟು ಸಲ ಮರುಭರ್ತಿ ಎಲ್ಲ ಇರುತ್ತದೆ. ವಸ್ತು ಯಾವುದು, ಅದರ ಮೇಲೆ ಅಧಿಕಾರ ಎಷ್ಟು, ಎರಡೂ ಒಂದೇ ಕಾಗದದಲ್ಲಿ. ನಿಮ್ಮ ಪರವಾಗಿ ಪಕ್ಕದ ಮನೆಯವರು ಹೋಗಿ ಬಹುಪಾಲು ಮಾತ್ರೆಗಳನ್ನು ತರಬಹುದು. ಇವರು ಒಳ್ಳೆಯ ಮನುಷ್ಯರು, ಔಷಧದಂಗಡಿಯ ಬೀಗದಕೈ ಕೊಟ್ಟುಬಿಡಿ, ಬೇಕಾದ್ದು ಇವರೇ ತೆಗೆದುಕೊಳ್ಳುತ್ತಾರೆ ಎಂದು ಯಾವ ವೈದ್ಯನೂ ಬರೆಯುವುದಿಲ್ಲ.

ಕಂಪ್ಯೂಟರಿನ ವಿದ್ವಾಂಸರು ಈ ಚೀಟಿಗೆ ಕೇಪಬಿಲಿಟಿ ಎಂದು ಹೆಸರಿಟ್ಟಿದ್ದಾರೆ. ಹೊಸದೇನಲ್ಲ. 1966ರಲ್ಲೇ ಎಂಐಟಿಯ ಜ್ಯಾಕ್ ಡೆನ್ನಿಸ್ ಮತ್ತು ಅರ್ಲ್ ವಾನ್ ಹಾರ್ನ್ ಎಂಬಿಬ್ಬರು ಒಂದು ಪ್ರಬಂಧದಲ್ಲಿ ಈ ಮಾತನ್ನು ಬಳಸಿದರು. ಕಂಪ್ಯೂಟರಿನೊಳಗೆ ಓಡುವ ಪ್ರತಿ ಕೆಲಸದ ಕೈಯಲ್ಲೂ ಕೆಲವು ಚೀಟಿಗಳು. ಒಂದೊಂದು ಚೀಟಿಯೂ ಒಂದು ವಸ್ತುವನ್ನು ತೋರಿಸುತ್ತದೆ, ಅದನ್ನು ಓದಬಹುದೋ ಬರೆಯಬಹುದೋ ಎಂದೂ ಹೇಳುತ್ತದೆ. ಕೈಯಲ್ಲಿ ಚೀಟಿ ಇಲ್ಲದ ವಸ್ತುವನ್ನು ಮುಟ್ಟುವ ಹಾಗಿಲ್ಲ. ಚೀಟಿಯನ್ನು ಖೋಟಾ ಮಾಡಲಾಗದಂತೆ ನೋಡಿಕೊಳ್ಳುವುದು ಯಂತ್ರದ ಹೊಣೆ. 1975ರಲ್ಲಿ ಸಾಲ್ಟ್‌ಜರ್ ಮತ್ತು ಶ್ರೋಡರ್ ಅದರ ಜೊತೆಗೆ ಹೋಗುವ ನೀತಿಯನ್ನು ಬರೆದಿಟ್ಟರು: ಯಾವ ಕೆಲಸಕ್ಕೂ ಆ ಕೆಲಸ ಮುಗಿಸಲು ಬೇಕಾದಷ್ಟೇ ಅಧಿಕಾರ ಕೊಡಿ, ಹೆಚ್ಚು ಬೇಡ.

ಆದರೆ ಲೋಕ ಹಿಡಿದದ್ದು ಇನ್ನೊಂದು ದಾರಿ. ಪ್ರತಿ ಬಾಗಿಲಿಗೂ ಒಂದು ಪಟ್ಟಿ. ನೀನು ಯಾರು, ಪಟ್ಟಿಯಲ್ಲಿ ನಿನ್ನ ಹೆಸರಿದೆಯೇ, ಇದ್ದರೆ ಒಳಗೆ ಬಾ. ಹೆಸರು, ಪಾಸ್‌ವರ್ಡು, ಫೋನಿಗೆ ಬರುವ ಆರು ಅಂಕಿ, ಈಗ ಬೆರಳಚ್ಚು, ಮುಖ. ಕೇಳುವುದೆಲ್ಲ ಒಂದೇ ಪ್ರಶ್ನೆ, ಕೇಳುವ ರೀತಿ ಮಾತ್ರ ದಿನೇ ದಿನೇ ಬಿಗಿಯಾಗುತ್ತಿದೆ. ಪ್ರಶ್ನೆಯೇ ತಪ್ಪು ಎಂದಾದರೆ ಬಿಗಿ ಮಾಡಿ ಏನು ಬಂತು?

ಪ್ರಶ್ನೆ ಏಕೆ ತಪ್ಪು ಎಂಬುದಕ್ಕೆ ನಾರ್ಮನ್ ಹಾರ್ಡಿ ಎಂಬ ಹಳಬರು 1988ರಲ್ಲಿ ಬರೆದ ಒಂದು ಪ್ರಸಂಗ ಹೇಳುತ್ತೇವೆ. ಸಾಫ್ಟ್‌ವೇರ್ ಮಿತ್ರರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಮನೆಮಾತಿನಲ್ಲಿ. ಒಂದೇ ದೊಡ್ಡ ಕಂಪ್ಯೂಟರನ್ನು ಹಲವರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಕಂಪೆನಿ. ಅಲ್ಲಿ ಕಂಪೈಲರ್ ಎಂಬ ಒಂದು ಪ್ರೋಗ್ರಾಂ. ಅದನ್ನು ಗುಮಾಸ್ತ ಎಂದುಕೊಳ್ಳಿ. ಗಿರಾಕಿಗಳು ಬಂದು ನಮ್ಮ ಕೆಲಸ ಮಾಡಿಕೊಡು, ಅದರ ವರದಿಯನ್ನು ಇಂಥ ಹೆಸರಿನ ಕಡತದಲ್ಲಿ ಬರೆದಿಡು ಎನ್ನುತ್ತಾರೆ. ಗುಮಾಸ್ತನಿಗೆ ಇನ್ನೊಂದು ಕೆಲಸವೂ ಉಂಟು, ಕಂಪೆನಿಯ ಪರವಾಗಿ ಬಳಕೆಯ ಅಂಕಿ ಅಂಶ ಬರೆದಿಡುವುದು. ಅದಕ್ಕಾಗಿ ಕಂಪೆನಿಯ ಬೀರುವಿನಲ್ಲಿ ಬರೆಯುವ ಅನುಮತಿ ಅವನ ಹೆಸರಿಗೆ ಇತ್ತು. ಅದೇ ಬೀರುವಿನಲ್ಲಿ ಗಿರಾಕಿಗಳ ಬಾಕಿ ಲೆಕ್ಕದ ಕಡತವೂ ಇತ್ತು. ಒಂದು ದಿನ ಒಬ್ಬ ಗಿರಾಕಿ ಬಂದವನೇ, ನನ್ನ ವರದಿ ಬರೆಯಬೇಕಾದ ಕಡತ ಇದೇ ಎಂದು ಆ ಬಾಕಿ ಲೆಕ್ಕದ ಕಡತದ ಹೆಸರನ್ನೇ ಹೇಳಿದ. ಗುಮಾಸ್ತ ಬರೆಯಹೋದ. ಕಾವಲುಗಾರ ನೀನು ಯಾರು ಎಂದ. ನಾನು ಗುಮಾಸ್ತ. ಪಟ್ಟಿಯಲ್ಲಿ ಹೆಸರಿದೆ, ಸರಿ, ಬರೆ. ಕಂಪೆನಿಯ ಬಾಕಿ ಲೆಕ್ಕವೆಲ್ಲ ಅಳಿಸಿಹೋಗಿ ಅದರ ಮೇಲೆ ಗಿರಾಕಿಯ ವರದಿ ಕೂತಿತು.

ಇಲ್ಲಿ ತಪ್ಪು ಯಾರದು? ಗುಮಾಸ್ತ ಕಳ್ಳನಲ್ಲ. ಕಾವಲುಗಾರ ನಿದ್ದೆ ಮಾಡಲಿಲ್ಲ. ಗುರುತು ಸರಿಯಾಗಿಯೇ ಪತ್ತೆಯಾಯಿತು. ಮುಖ ನೋಡಿ, ಬೆರಳಚ್ಚು ಒತ್ತಿಸಿ ಬಿಟ್ಟಿದ್ದರೂ ಇದೇ ಆಗುತ್ತಿತ್ತು. ಗುಮಾಸ್ತನಿಗೆ ಇಬ್ಬರು ಯಜಮಾನರು; ಈ ಬರಹ ಯಾರ ಪರವಾಗಿ, ಯಾರ ಅಧಿಕಾರದಿಂದ ಎಂದು ಹೇಳಲು ಅವನಿಗೆ ದಾರಿಯೇ ಇರಲಿಲ್ಲ. ಹೆಸರೊಂದು ಗಿರಾಕಿಯಿಂದ ಬಂತು, ಅಧಿಕಾರ ಕಂಪೆನಿಯಿಂದ ಬಂತು, ಎರಡೂ ಅವನ ಕೈಯಲ್ಲಿ ಕಲಸಿಹೋದವು. ಗಿರಾಕಿ ಬರೀ ಹೆಸರು ಹೇಳುವ ಬದಲು ಆ ಕಡತದ ಚೀಟಿಯನ್ನೇ ಕೈಗೆ ಕೊಡಬೇಕಾಗಿದ್ದರೆ? ಬಾಕಿ ಲೆಕ್ಕದ ಚೀಟಿ ಗಿರಾಕಿಯ ಹತ್ತಿರ ಇರಲೇ ಇಲ್ಲ. ಅಲ್ಲಿಗೇ ಕಥೆ ಮುಗಿಯುತ್ತಿತ್ತು.

ಇಂಥ ಗುಮಾಸ್ತರು ಎಲ್ಲೆಲ್ಲೂ ಇದ್ದಾರೆ. ಇಮೇಲಿನಲ್ಲಿ ಬಂದ ಒಂದು ಅಡಕವನ್ನು ನೀವು ತೆರೆಯುತ್ತೀರಿ. ನಿಮ್ಮ ಹಳೆಯ ವಿಂಡೋಸ್ ಯಂತ್ರದಲ್ಲಿ ಅದರೊಳಗಿನ ಪ್ರೋಗ್ರಾಂ ನಿಮ್ಮ ಹೆಸರಿನಲ್ಲಿ ಓಡುತ್ತದೆ. ನಿಮ್ಮ ತೆರಿಗೆ ಕಾಗದ, ಮಗಳ ಮದುವೆ ಫೋಟೋ, ಎಲ್ಲವನ್ನೂ ಮುಟ್ಟುವ ಹಕ್ಕು ನಿಮಗಿದೆ, ಆದ್ದರಿಂದ ಅದಕ್ಕೂ ಇದೆ. ಒಂದು ಕಾಗದ ತೋರಿಸು ಎಂದದ್ದಕ್ಕೆ ಮನೆಯ ಅಷ್ಟೂ ಕೋಣೆಗಳಲ್ಲಿ ಓಡಾಡುವ ಅಧಿಕಾರ. ಎಲ್ಲಕ್ಕೂ ಬೀಗ ಜಡಿದು ದುಡ್ಡು ಕೇಳುವ ರಾನ್ಸಮ್‌ವೇರ್‌ಗಳು ಬದುಕುವುದೇ ಇದರ ಮೇಲೆ.

ಈಗ ನಮ್ಮ ಕಸುಬಿಗೆ ಬರೋಣ. ಚೀಟಿ ಬರೆಯುವುದರಲ್ಲಿ ಇಷ್ಟು ಜಾಗರೂಕರಾದ ನಾವು ವೈದ್ಯರು ರೋಗಿಯ ದಾಖಲೆಯ ವಿಷಯದಲ್ಲಿ ಪಟ್ಟಿಯ ಪದ್ಧತಿಯನ್ನೇ ಒಪ್ಪಿಕೊಂಡು ಕೂತಿದ್ದೇವೆ. ಬೆಳಿಗ್ಗೆ ಒಂದು ಸಲ ಲಾಗಿನ್ ಆದರೆ ಸಂಜೆಯವರೆಗೆ ಸಾವಿರಾರು ರೋಗಿಗಳ ದಾಖಲೆ ಬೆರಳ ತುದಿಯಲ್ಲಿ. ನಾವು ಹಿಂದೆ ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ, ಅದರ ಹೆಸರು ಬೇಡ, ಊರಿಂದ ಮಗನ ಮನೆಗೆ ಬಂದಿದ್ದ ಒಬ್ಬ ಕನ್ನಡ ತಾಯಿಯ ಬಯಾಪ್ಸಿ ಆಯಿತು. ಫಲಿತಾಂಶ ಮಗನಿಗೆ ತಿಳಿಯುವ ಮುಂಚೆ ಶನಿವಾರದ ಪಾಟ್‌ಲಕ್ಕಿನಲ್ಲಿ ಅದು ಬಾಯಿಂದ ಬಾಯಿಗೆ ಹರಡಿತ್ತು. ಆ ತಾಯಿ ಮತ್ತೆ ನಮ್ಮವರ ಯಾವ ಸಮಾರಂಭಕ್ಕೂ ಬರಲಿಲ್ಲ, ಟಿಕೆಟ್ಟು ಬದಲಾಯಿಸಿಕೊಂಡು ಊರಿಗೆ ಹೋಗಿಬಿಟ್ಟರು. ತನಿಖೆ ನಡೆಯಿತು. ಚಿಕಿತ್ಸೆಗೆ ಸಂಬಂಧವೇ ಇಲ್ಲದ ಇಬ್ಬರು ಆ ದಾಖಲೆ ತೆರೆದಿದ್ದರು. ಇಬ್ಬರೂ ಕಂಪ್ಯೂಟರಿನ ಪ್ರಕಾರ ಅಧಿಕೃತರು! ಪಟ್ಟಿಯಲ್ಲಿ ಹೆಸರಿತ್ತು. ಅವರಿಗೆ ಇನ್ನೊಂದು ಸಲ ತರಬೇತಿಯ ವಿಡಿಯೋ ತೋರಿಸಿದರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇದು ಒಂದು ಆಸ್ಪತ್ರೆಯ ಮಾತಲ್ಲ. 2008ರಲ್ಲಿ ಲಾಸ್ ಏಂಜಲೀಸಿನ ಯುಸಿಎಲ್‌ಎ ಆಸ್ಪತ್ರೆಯಲ್ಲಿ ಒಬ್ಬ ಪ್ರಸಿದ್ಧ ಗಾಯಕಿಯ ದಾಖಲೆಯನ್ನು ನೌಕರರು ಇಣುಕಿ ನೋಡಿದ್ದು ಪತ್ರಿಕೆಗಳಲ್ಲೆಲ್ಲ ಬಂತು. ಪ್ರಸಿದ್ಧ ರೋಗಿಗಳ ದಾಖಲೆಗಳನ್ನು ಹೀಗೆ ಇಣುಕಿದ ದೂರುಗಳು ಕೊನೆಗೆ 2011ರಲ್ಲಿ 8,65,500 ಡಾಲರ್ ಕೊಟ್ಟು ಫೆಡರಲ್ ಸರ್ಕಾರದೊಡನೆ ರಾಜಿಯಾಗುವುದರಲ್ಲಿ ಮುಗಿದವು. ಗಾಯಕಿಗಾದರೆ ಪತ್ರಿಕೆಗಳಿವೆ, ನಮ್ಮೂರ ತಾಯಿಗೆ ಯಾರಿದ್ದಾರೆ? 1996ರ ಹಿಪಾ ಕಾನೂನಿನಡಿ ಬಂದ ನಿಯಮಗಳು, ಚಿಕಿತ್ಸೆಯನ್ನು ಬಿಟ್ಟು ಉಳಿದ ಬಹುತೇಕ ಕೆಲಸಗಳಿಗೆ, ಅಗತ್ಯವಿರುವ ಕನಿಷ್ಠ ಮಾಹಿತಿಯನ್ನಷ್ಟೇ ಬಳಸಬೇಕು ಎನ್ನುತ್ತವೆ. ನೀತಿ ಸರಿಯಾಗಿಯೇ ಇದೆ. ಅದನ್ನು ಕಾಗದದಲ್ಲಿ ಬರೆದು ಮನುಷ್ಯರ ಒಳ್ಳೆಯತನಕ್ಕೆ ಬಿಟ್ಟಿದ್ದಾರೆ, ಯಂತ್ರದ ಹೊಣೆಗೆ ಹಾಕಿಲ್ಲ. ಬಿಲ್ಲು ಬರೆಯುವವರಿಗೆ ಆ ದಿನದ ಬಿಲ್ಲಿಗೆ ಬೇಕಾದಷ್ಟೇ ದಾಖಲೆ ತೆರೆಯುವ ಚೀಟಿ ಬರಲಿ, ಕೆಲಸ ಮುಗಿದ ಮೇಲೆ ಅದು ರದ್ದಾಗಲಿ. ಎಮರ್ಜೆನ್ಸಿಯಲ್ಲಿ ಚೀಟಿಗಾಗಿ ಕಾಯುತ್ತಾ ಕೂರುವುದೇ ಎಂದು ಕೇಳುವವರಿಗೆ ಉತ್ತರ ಈಗಾಗಲೇ ಇದೆ: ಗಾಜು ಒಡೆದು ಒಳಗೆ ಹೋಗುವ ವ್ಯವಸ್ಥೆ ಅನೇಕ ಆಸ್ಪತ್ರೆಗಳಲ್ಲಿದೆ. ಒಡೆಯಿರಿ, ಏಕೆ ಒಡೆದಿರೆಂದು ಬರೆಯಿರಿ. ಒಡೆದ ಸದ್ದು ನಾಲ್ಕು ಜನಕ್ಕೆ ಕೇಳಿಸುತ್ತದೆ.

ಇನ್ನು 2024ರ ಫೆಬ್ರವರಿಯ ಕಥೆ ನಮ್ಮ ಕೂಟದ ವೈದ್ಯರಿಗೆಲ್ಲ ಗೊತ್ತು. ಅಮೆರಿಕದ ಆಸ್ಪತ್ರೆ, ಔಷಧದಂಗಡಿ ಮತ್ತು ವಿಮೆಗಳ ನಡುವೆ ಲೆಕ್ಕ ಸಾಗಿಸುವ ಚೇಂಜ್ ಹೆಲ್ತ್‌ಕೇರ್ ಎಂಬ ಕಂಪೆನಿಗೆ ಕಳ್ಳರು ನುಗ್ಗಿದರು. ಕದ್ದ ಒಂದು ಹೆಸರು ಮತ್ತು ಪಾಸ್‌ವರ್ಡಿನಿಂದ, ಎರಡನೆಯ ತಪಾಸಣೆ ಇಲ್ಲದ ಒಂದು ಬಾಗಿಲಿನ ಮೂಲಕ 12ನೇ ತಾರೀಖು ಒಳಗೆ ಬಂದವರು, ಒಂಬತ್ತು ದಿನ ಒಳಗೊಳಗೇ ಮುಂದೆ ಸರಿದು, 21ನೇ ತಾರೀಖು ಎಲ್ಲಕ್ಕೂ ಬೀಗ ಜಡಿದರು. ಮಾಲೀಕ ಕಂಪೆನಿ ಯುನೈಟೆಡ್‌ಹೆಲ್ತ್ 2 ಕೋಟಿ 20 ಲಕ್ಷ ಡಾಲರ್ ಸುಲಿಗೆ ತೆತ್ತಿತು. ಮಾಹಿತಿ ಸೋರಿದವರ ಸಂಖ್ಯೆ ಸುಮಾರು 19 ಕೋಟಿ ಎಂದು ಕಂಪೆನಿಯೇ ಆಮೇಲೆ ಲೆಕ್ಕ ಕೊಟ್ಟಿತು. ಅಂದರೆ ಈ ದೇಶದ ಅರ್ಧಕ್ಕಿಂತ ಹೆಚ್ಚು ಜನ. ಚಿಕ್ಕ ಕ್ಲಿನಿಕ್ಕುಗಳಿಗೆ ವಾರಗಟ್ಟಲೆ ವಿಮೆಯ ಹಣ ಬರಲಿಲ್ಲ, ನರ್ಸುಗಳಿಗೆ ಸಂಬಳ ಕೊಡಲು ಸ್ವಂತ ಉಳಿತಾಯಕ್ಕೆ ಕೈಹಾಕಿದ ವೈದ್ಯರು ನಮ್ಮ ಪರಿಚಯದವರಲ್ಲೇ ಇದ್ದಾರೆ.

ಎಲ್ಲರೂ ಕಲಿತ ಪಾಠ ಏನು? ಆ ಬಾಗಿಲಿಗೆ ಎರಡನೆಯ ಬೀಗ ಹಾಕಬೇಕಿತ್ತು. ಹೌದು, ಹಾಕಬೇಕಿತ್ತು, ಅದನ್ನು ಬೇಡ ಎನ್ನುವಷ್ಟು ಹಟಮಾರಿಗಳಲ್ಲ ನಾವು. ಆದರೆ ಒಂದು ಬಾಗಿಲಿನಿಂದ ಒಳಗೆ ಬಂದವನಿಗೆ 19 ಕೋಟಿ ಜನರ ಗುಟ್ಟಿನವರೆಗೆ ದಾರಿ ಏಕಿತ್ತು ಎಂದು ಕೇಳಿದವರು ಕಡಿಮೆ. ಹೊರಬಾಗಿಲು ಭದ್ರಪಡಿಸುವ ಭರದಲ್ಲಿ ಒಳಗಿನ ಕೋಣೆಗಳಿಗೆ ಕದವನ್ನೇ ಇಡದ ಮನೆ ಅದು.

ಇಷ್ಟೆಲ್ಲ ಅಮೆರಿಕದ ಮಾತಾಯಿತು. ಊರ ಕಡೆಯದೂ ಒಂದು ಹೇಳಲೇಬೇಕು, ಏಕೆಂದರೆ ನಮ್ಮೆಲ್ಲರ ಜೀವ ಅಲ್ಲಿದೆ. ಮೈಸೂರು, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ಒಂಟಿಯಾಗಿರುವ ನಮ್ಮ ತಂದೆ ತಾಯಿಗಳಿಗೆ ವಿಡಿಯೋ ಕರೆ ಬರುತ್ತದೆ. ಪೊಲೀಸ್ ಉಡುಪು ಹಾಕಿದವನು, ಹಿಂದೆ ಠಾಣೆಯ ಗೋಡೆ, ಕೈಯಲ್ಲಿ ಗುರುತಿನ ಕಾರ್ಡು. ಡಿಜಿಟಲ್ ಅರೆಸ್ಟ್ ಎನ್ನುತ್ತಾನೆ. 2024ರ ಅಕ್ಟೋಬರಿನಲ್ಲಿ ಪ್ರಧಾನ ಮಂತ್ರಿಗಳೇ ರೇಡಿಯೋ ಭಾಷಣದಲ್ಲಿ ಹಾಗೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ ಎಂದು ಎಚ್ಚರಿಸಬೇಕಾಯಿತು. ಆ ಮೋಸ ನಡೆಯುವುದೇ ಗುರುತಿನ ಮೇಲೆ. ನಾನು ಪೊಲೀಸು, ನಾನು ಬ್ಯಾಂಕಿನವನು, ನಾನು ಕರೆಂಟು ಆಫೀಸಿನವನು. ಕಾರ್ಡು ಸರಿಯಾಗಿ ನೋಡಿ ಅಪ್ಪಾ ಎಂದು ನಾವು ಇಲ್ಲಿಂದ ಉಪದೇಶ ಮಾಡುತ್ತೇವೆ. ಕಾರ್ಡು ಅಸಲಿಯೇ ಆಗಿದ್ದರೂ ಏನಾಯಿತು? ಅಸಲಿ ಪೊಲೀಸನಿಗೂ ನಿಮ್ಮ ಠೇವಣಿ ಮುರಿಸಿ ತನ್ನ ಖಾತೆಗೆ ಹಾಕಿಸಿಕೊಳ್ಳುವ ಹಕ್ಕಿಲ್ಲ. ನೀನು ಯಾರಾದರೂ ಆಗಿರು, ಇದನ್ನು ಕೇಳಲು ನಿನ್ನ ಬಳಿ ಏನಿದೆ ಎಂದು ಕೇಳುವುದನ್ನು ಅವರಿಗೆ ಕಲಿಸೋಣ.

ಅಲ್ಲಿ ಒಳ್ಳೆಯ ಮಾದರಿಯೂ ಇದೆ. 2024ರಲ್ಲಿ ಯುಪಿಐಗೆ ಸರ್ಕಲ್ ಎಂಬ ಸೌಲಭ್ಯ ಬಂತು. ಅಪ್ಪ ತಮ್ಮ ಖಾತೆಯಿಂದ ಖರ್ಚು ಮಾಡಲು ಮನೆಗೆಲಸದವರಿಗೋ ಡ್ರೈವರಿಗೋ ಮಿತಿ ಹಾಕಿ ಅನುಮತಿ ಕೊಡಬಹುದು, ತಿಂಗಳಿಗೆ ಹೆಚ್ಚೆಂದರೆ 15,000 ರೂಪಾಯಿ. ಪಿನ್ ಹೇಳಿಕೊಡಬೇಕಿಲ್ಲ. ಬೇಡವಾದ ದಿನ ರದ್ದು ಮಾಡಬಹುದು. ನಮ್ಮ ಪರಿಭಾಷೆಯಲ್ಲಿ ಇದು ಶುದ್ಧ ಚೀಟಿ. ಫೋನಿನಲ್ಲಿ ಈಗ ಯಾವುದೋ ಆ್ಯಪಿಗೆ ಇಡೀ ಆಲ್ಬಮ್ಮು ಒಪ್ಪಿಸದೆ ಆರಿಸಿದ ಒಂದೇ ಫೋಟೋ ಕೊಡುತ್ತೀರಲ್ಲ, ಅದೂ ಅದೇ ಜಾತಿ. ಕೇಪಬಿಲಿಟಿ ಎಂಬುದು ಎಂದೋ ಸತ್ತ ವಿಚಾರ ಎನ್ನುವ ಸಾಫ್ಟ್‌ವೇರ್ ಮಿತ್ರರು ದಿನಾ ಅದನ್ನೇ ಬಳಸುತ್ತಿದ್ದಾರೆ, ತಿಳಿಯದೆ.

ಸೈಟಿನ ವಿಷಯ ಬಂದರೆ ನಮ್ಮ ಮಾತಿನ ತಿರುಳು ಎಲ್ಲರಿಗೂ ಮುಟ್ಟುತ್ತದೆ. ನಮ್ಮಲ್ಲಿ ಅರ್ಧ ಜನ ಬೆಂಗಳೂರಿನಲ್ಲೊಂದು ಸೈಟು ಇಟ್ಟವರು. ಕಂದಾಯ ಕಟ್ಟಲು, ಖಾತೆ ಮಾಡಿಸಲು ಅಲ್ಲಿ ಒಬ್ಬರು ಬೇಕು. ಕಾನ್ಸುಲೇಟಿಗೆ ಹೋಗಿ ಮುದ್ರೆ ಒತ್ತಿಸಿ ಭಾವನಿಗೋ ತಮ್ಮನಿಗೋ ಜಿಪಿಎ ಕೊಟ್ಟುಬಿಡುತ್ತೇವೆ. ಜನರಲ್ ಪವರ್, ಹೆಸರೇ ಹೇಳುತ್ತದೆ. ನಾವೇ ಅಲ್ಲಿ ನಿಂತಂತೆ ಮಾರುವ, ಅಡವಿಡುವ ಅಧಿಕಾರವನ್ನೂ ಅದರಲ್ಲಿ ಸೇರಿಸಿರುತ್ತೇವೆ. ಬೇಕಾಗಿದ್ದದ್ದು ಕಂದಾಯ ಕಟ್ಟುವ ಒಂದು ಸ್ಪೆಷಲ್ ಪವರ್ ಮಾತ್ರ. ಜಿಪಿಎ ಮೇಲೆಯೇ ಸೈಟು ಮಾರಿ ಕೊಳ್ಳುವ ಚಾಳಿ ಎಲ್ಲಿಯವರೆಗೆ ಹೋಯಿತೆಂದರೆ, 2011ರಲ್ಲಿ ಸುಪ್ರೀಂ ಕೋರ್ಟು ಸೂರಜ್ ಲ್ಯಾಂಪ್ ಮೊಕದ್ದಮೆಯಲ್ಲಿ ಅಂಥ ಮಾರಾಟದಿಂದ ಒಡೆತನ ಬರುವುದಿಲ್ಲ ಎಂದು ಖಡಾಖಂಡಿತ ಹೇಳಬೇಕಾಯಿತು.

ಸ್ಪೆಷಲ್ ಪವರ್ ಮಾತ್ರ ಕೊಡಿ ಎಂದರೆ ನಮ್ಮವರು ಹೇಳುವುದು ಒಂದೇ: ಸ್ವಂತ ತಮ್ಮನನ್ನು ನಂಬಬಾರದೇ? ಇಲ್ಲೇ ನಾವೆಲ್ಲ ಎಡವುವುದು. ನಂಬಿಕೆ ಎಂದರೆ ಎಲ್ಲವನ್ನೂ ಒಪ್ಪಿಸುವುದು ಎಂದು ನಮ್ಮ ಎಣಿಕೆ. ಕಂದಾಯದ ಅಧಿಕಾರ ಮಾತ್ರ ಇರುವ ತಮ್ಮನ ಮೇಲೆ ನಾಳೆ ಅತ್ತಿಗೆಯೂ ಬೆರಳು ತೋರಿಸಲಾರಳು, ಸೈಟಿಗೆ ಏನಾದರೂ ಆದರೆ ಅವನ ಕೈ ಶುದ್ಧ. ಎಲ್ಲ ಅಧಿಕಾರ ಹೊತ್ತ ತಮ್ಮ ಪ್ರಾಮಾಣಿಕನಾಗಿದ್ದರೂ ಜೀವನವಿಡೀ ಅನುಮಾನದ ನೆರಳಲ್ಲಿ ಬದುಕಬೇಕು. ಚೀಟಿ ಚಿಕ್ಕದಾದಷ್ಟೂ ಹೆಚ್ಚು ಜನರನ್ನು ನಿರಾತಂಕವಾಗಿ ನಂಬಬಹುದು, ಅಪರಿಚಿತರನ್ನೂ. ಪಟ್ಟಿಯ ಪದ್ಧತಿಯಲ್ಲಿ ಮೊದಲು ಮನುಷ್ಯ ಒಳ್ಳೆಯವನೋ ಕೆಟ್ಟವನೋ ತೀರ್ಮಾನಿಸಬೇಕು. ಅದು ಮೂವತ್ತು ವರ್ಷ ರೋಗಿಗಳ ಮುಖ ನೋಡಿದ ನಮ್ಮ ಕೈಲೂ ಆಗುವುದಿಲ್ಲ.

ಎದುರು ವಾದಗಳನ್ನೂ ನೋಡೋಣ. ಚೀಟಿ ಕಳೆದುಹೋದರೆ? ನಂಬರ್ ಹಾಕಿ, ಆ ನಂಬರ್ ರದ್ದು ಮಾಡಿ. ಇನ್ನೊಬ್ಬರಿಗೆ ದಾಟಿಸಿದರೆ? ದಾಟಿಸಲಿ. ನಾಲ್ಕು ಕೂಪನ್ನು ಕೊಂಡವರು ಮಗನಿಗೆ ಪರೀಕ್ಷೆ ಇದೆಯೆಂದು ಅವನ ಬದಲು ಪಕ್ಕದ ಮನೆಯ ಗುಜರಾತಿ ಅಜ್ಜಿಯನ್ನು ಕರೆತಂದರೆ ಒಬ್ಬಟ್ಟಿನ ಲೆಕ್ಕ ತಪ್ಪುವುದಿಲ್ಲ. ಪಾಸ್‌ವರ್ಡುಗಳನ್ನು ಯಾರೂ ದಾಟಿಸುವುದಿಲ್ಲ ಎನ್ನುವವರು, ನಮ್ಮ ಕೂಟದ ಇಮೇಲಿನ ಪಾಸ್‌ವರ್ಡು ಎಷ್ಟು ಮಾಜಿ ಅಧ್ಯಕ್ಷರ ಬಳಿ ಇದೆ ಎಂದು ಒಮ್ಮೆ ಎಣಿಸಲಿ. ಯಾರು ಏನು ಮಾಡಿದರೆಂದು ಪತ್ತೆ ಹಚ್ಚುವುದು ಹೇಗೆ ಎಂಬ ಪ್ರಶ್ನೆಗೆ ತೂಕವಿದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಚೀಟಿ ಕೊಟ್ಟರೆ ಯಾರಿಗೆ ಕೊಟ್ಟದ್ದು ಯಾವಾಗ ಬಳಕೆಯಾಯಿತೆಂದು ತಿಳಿಯುತ್ತದೆ. ಹತ್ತು ಜನ ಒಂದೇ ಪಾಸ್‌ವರ್ಡು ಬಳಸುವುದಕ್ಕಿಂತ ಅದು ಎಷ್ಟೋ ಮೇಲು.

ಹೆಸರು ಕೇಳಲೇಬೇಕಾದ ಜಾಗವೂ ಉಂಟು. ರಕ್ತ ಕೊಡುವ ಮುಂಚೆ ರೋಗಿಯ ಹೆಸರು ಮತ್ತು ಹುಟ್ಟಿದ ತಾರೀಖಿನಂಥ ಎರಡು ಗುರುತುಗಳನ್ನು ನೋಡದೆ ಯಾವ ನರ್ಸೂ ಚೀಲ ತೂಗುಹಾಕುವುದಿಲ್ಲ, ಹಾಕಲೂಬಾರದು. ಏಕೆಂದರೆ ಆ ರಕ್ತ ಹೊಂದುವುದು ಆ ದೇಹಕ್ಕೆ. ಅಲ್ಲಿ ಪ್ರಶ್ನೆ ಇರುವುದೇ ಇದು ಯಾರ ದೇಹ ಎಂದು. ಒಬ್ಬಟ್ಟು ಯಾವ ಗುಂಪಿನ ರಕ್ತಕ್ಕಾದರೂ ಹೊಂದುತ್ತದೆ.

ಈಗ ನಮ್ಮ ಬಾಗಿಲಿಗೇ ವಾಪಸು ಬರೋಣ. ಆ ಲ್ಯಾಪ್‌ಟಾಪಿನ ಮುಂದೆ ಕೂರುವವರು ಯಾರು? ಶಾಲೆಗೆ ಸೇವೆಯ ಗಂಟೆ ತೋರಿಸಬೇಕೆಂದು ಬರುವ ನಮ್ಮ ಹೈಸ್ಕೂಲು ಮಕ್ಕಳು. ನಮ್ಮೆಲ್ಲರ ಮಕ್ಕಳ ಹುಟ್ಟಿದ ತಾರೀಖನ್ನು ಅವರಿಗೇಕೆ ಒಪ್ಪಿಸಬೇಕು? ಸಮಾರಂಭ ಮುಗಿದ ಮೇಲೆ ಆ ಲ್ಯಾಪ್‌ಟಾಪು ರಾತ್ರಿಯಿಡೀ ಯಾರ ಕಾರಿನ ಡಿಕ್ಕಿಯಲ್ಲಿರುತ್ತದೆ? ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಗೆ ಇಲ್ಲಿಯ ಲೈಸೆನ್ಸ್ ಇಲ್ಲ. ಪಲ್ಯ ಕೋಸಂಬರಿ ತಿನ್ನಲು ಅವರು ಪಾಸ್‌ಪೋರ್ಟು ಹಿಡಿದು ಬರಬೇಕೇ? ಇಮಿಗ್ರೇಷನ್ ಕಾಗದಪತ್ರ ತೂಗುಯ್ಯಾಲೆಯಲ್ಲಿರುವ ಎರಡು ಕುಟುಂಬಗಳು ಈ ಸುತ್ತೋಲೆ ಓದಿ ರಾಜ್ಯೋತ್ಸವಕ್ಕೆ ಬರುವುದಿಲ್ಲ ಎಂದು ನಮಗೆ ತಿಳಿಸಿದ್ದಾರೆ. ಅವರಲ್ಲೊಬ್ಬರ ಮಗಳು ನಾಡಗೀತೆ ಹಾಡಬೇಕಾದವಳು. ಊರಲ್ಲಿ ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಗುತ್ತಿದ್ದೆವು, ಇಲ್ಲಿ ದುಡ್ಡು ಕೊಟ್ಟು ನಾವೇ ಪೂಜಾರಿಯನ್ನು ಕೂರಿಸುತ್ತಿದ್ದೇವೆ.

ಬರೀ ಟೀಕೆ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ವಾರ್ಷಿಕ ಮಹಾಸಭೆಗೆ ಒಂದು ಗೊತ್ತುವಳಿ ತರುತ್ತಿದ್ದೇವೆ. ಬಾಗಿಲಲ್ಲಿ ಗುರುತಿನ ಪತ್ರ ಬೇಡ, ನಂಬರ್ ಇರುವ ಕೂಪನ್ನನ್ನು ಮುಂಚಿತವಾಗಿ ಕೊಡಬೇಕು, ಎಷ್ಟು ಕೂಪನ್ನೋ ಅಷ್ಟಕ್ಕೇ ಅಡಿಗೆ. ಸದಸ್ಯರ ಪಟ್ಟಿ ಕಾರ್ಯದರ್ಶಿಯವರ ಬಳಿ ಮಾತ್ರ. ಪತ್ರಿಕೆ ಅಂಚೆಗೆ ಹಾಕುವವರಿಗೆ ವಿಳಾಸದ ಚೀಟಿಗಳು ಸಾಕು, ಫೋನ್ ನಂಬರ್ ಬೇಡ. ಹುಟ್ಟಿದ ತಾರೀಖುಗಳನ್ನು ಅಳಿಸಬೇಕು, ಅವು ಯಾವ ಕೆಲಸಕ್ಕೂ ಬಂದಿಲ್ಲ. ಬ್ಯಾಂಕಿನಲ್ಲಿ ಖಜಾಂಚಿಗೆ ಪಾವತಿ ಮಾಡುವ ಅಧಿಕಾರ, ಲೆಕ್ಕ ಪರಿಶೋಧಕರಿಗೆ ನೋಡುವ ಅಧಿಕಾರ ಮಾತ್ರ, ಮಾಜಿಗಳಿಗೆ ಎರಡೂ ಇಲ್ಲ. ಇಮೇಲಿನ ಪಾಸ್‌ವರ್ಡು ಇವತ್ತೇ ಬದಲಾಗಲಿ, ಇದಕ್ಕಂತೂ ಮಹಾಸಭೆವರೆಗೆ ಕಾಯಬೇಕಿಲ್ಲ.

ಗೊತ್ತುವಳಿಗೆ ಹತ್ತು ಸದಸ್ಯರ ಸಹಿ ಬೇಕೆಂದು ನಮ್ಮ ಬೈಲಾ ಹೇಳುತ್ತದೆ. ಆರು ಆಗಿವೆ. ಮುಂದಿನ ಭಾನುವಾರ ಕನ್ನಡ ತರಗತಿ ಬಿಡುವ ಹೊತ್ತಿಗೆ ಕರಡು ಪ್ರತಿಯೊಂದಿಗೆ ಕಾಫಿ ಮೇಜಿನ ಹತ್ತಿರ ಇರುತ್ತೇವೆ, ಓದಿ ನೋಡಿ ಸಹಿ ಹಾಕುವವರು ಬನ್ನಿ.